ಹತ್ತಕ್ಕೆ ಆರು

ಹ್ಯಾಮಿಲ್ಟನ್ನಿನ ಬಾರ್ಟನ್ ಬೀದಿಯಲ್ಲಿ ನನ್ನ ಕೆಲಸ
ಬೆಳಗಿನ ಜಾವ ನಾಲ್ಕಕ್ಕೆ ಶುರು:
ಕೆನಡಾವನ್ನು ಒರೆಸುವುದು,
ಬೀದಿಗೆ ಹಗಲುವೇಷ ಹಾಕುವುದು.

ಕೆಂಪು ಅಂಚೆಡಬ್ಬಿಯ ಮೇಲೆ ನೀಲಿಯದನ್ನು ಕವುಚುತ್ತೇನೆ.
ನಿಂತ ಕಾರುಗಳಿಗೆಲ್ಲ ಇಲಿನಾಯ್ ನಂಬರು.
ಬಣ್ಣದಂಗಡಿಯ ಬೋರ್ಡಿನಲ್ಲಿ ‘ಕಲರ್’ ಎಂಬುದರೊಳಗಿಂದ
ಅಮೆರಿಕಕ್ಕೆ ಬೇಡದ ಒಂದು ಯು ಕಿತ್ತು
ಜೇಬಿಗೆ ಹಾಕಿಕೊಳ್ಳುತ್ತೇನೆ.
ಹದಿನಾರು ವರ್ಷದ ಯುಗಳು ಮನೆಯ ಡ್ರಾಯರಿನಲ್ಲಿ
ಕಳಚಿಬಿದ್ದ ಕುದುರೆ ಲಾಳಗಳ ಹಾಗೆ.

ಬೀದಿ ಅತಿ ಚೊಕ್ಕಟವಾಯಿತೆಂದರೆ ಕಸ ತರಿಸಬೇಕು.
ಕಸಕ್ಕೂ ರಸೀದಿ ಉಂಟು.

“ಇವತ್ತು ನಾನು ಯಾವ ಊರಲ್ಲಿದ್ದೇನೆ?”
ದಿನಾ ಕೇಳುತ್ತಾನೆ ಕಲೋಜೆರೊ ತಾತ, ವರಾಂಡದ ಕುರ್ಚಿಯಿಂದ.
ಅವನ ವರಾಂಡ ಮೂರು ಸಲ ಷಿಕಾಗೊ,
ಒಂದು ಸಲ ಬಾಸ್ಟನ್; ಆಗ ಮೆಟ್ಟಿಲ ಮೇಲೊಂದು ಕೊಲೆಯಾಯಿತು,
ಆ ದುಡ್ಡಲ್ಲಿ ಸೋರುವ ಮಾಡು ರಿಪೇರಿಯಾಯಿತು.
“ನಮ್ಮ ಚಂದ ನೋಡಿ ಬಂದವರಲ್ಲ ಮಗಳೇ,
ನಮ್ಮ ಡಾಲರು ಬಡಕಲು, ಅದಕ್ಕೆ ಬಂದರು.
ಕೊಟ್ಟ ಕೂಲಿಯಲ್ಲೊಂದು ಪಾಲು ಸರ್ಕಾರವೇ ಮರಳಿಸುತ್ತದೆ.
ಇನ್ನೂ ಅಗ್ಗದ ಊರು ಸಿಕ್ಕ ದಿನ
ಈ ಕಸ ಗುಡಿಸುವವಳೂ ನೀನೇ.”

ಮಾರ್ಚಿನಲ್ಲಿ ನಮ್ಮದೇ ಧಾರಾವಾಹಿ ಬಂತು, ನಿಯಮದ ಕೃಪೆ.
ಬರೆದವಳು ಇಲ್ಲಿಯವಳು: ಎರಡು ಅಂಕ.
ನಿರ್ದೇಶಕ ಎರಡು. ನಾಯಕಿ ಒಂದು. ಸಂಕಲನ ಒಂದು.
ಹತ್ತಕ್ಕೆ ಆರು ಬಂದರೆ ಸ್ವದೇಶಿ, ಪಾಸು.
“ನನಗೆಷ್ಟು?” ಎಂದೆ.
ಲೆಕ್ಕದ ಪ್ಯಾಟ್ರೀಸ್ ಹಾಳೆ ಮಗುಚಿ, ಹಿಂದೆಯೂ ನೋಡಿದ.
ನನಗೆ ಕಲಮಿರಲಿಲ್ಲ.
ಬೀದಿಗೂ.

ಆದರೂ ನೀಲಿ ಡಬ್ಬಿ ಎತ್ತಿದೆ. ಕೆಂಪು ಕಣ್ಣು ಕುಕ್ಕಿತು.
ಡ್ರಾಯರಿನಿಂದ ತಂದ ಯುಗಳಲ್ಲಿ ಮೂರು ಕೂರಲೇ ಇಲ್ಲ,
ನಾಲ್ಕನೆಯದು ಸೊಟ್ಟಗೆ ಕೂತಿತು.
ಅಡುಗೆಮನೆಯ ಮೇಜಿಗೆ ಹಾಲು ಇಟ್ಟೆ,
ನಮ್ಮಮ್ಮ ಇಡುತ್ತಿದ್ದ ಹಾಗೆ,
ಮೂಲೆ ಕತ್ತರಿಸಿದ ಚೀಲದಲ್ಲೇ, ಜಗ್ಗಿನೊಳಗೆ ಕೂರಿಸಿ.

ಮಾನಿಟರ್ ನೋಡುತ್ತ ನಿರ್ದೇಶಕ ಗಲ್ಲ ಕೆರೆದುಕೊಂಡ.
“ಲೆಸ್ಯಾ, ಈ ಚೀಲ ಏನಂತ
ಹೊರಗೆ ಕೊಳ್ಳುವವರಿಗೆ ತಿಳಿಯೊಲ್ಲ.
ರಟ್ಟಿನ ಡಬ್ಬಿ ಇಡು.
ಬೀದಿಯೂ ಅಷ್ಟೆ, ಯಾಕೋ
ನೋಡಿದ ಕೂಡಲೇ ಷಿಕಾಗೊ ಅನಿಸುತ್ತೆ.”

ಡಬ್ಬಿ ತರಲು ವ್ಯಾನಿಗೆ ಹೊರಟೆ.
“ಇವತ್ತು ಯಾವ ಊರು?”
“ಹ್ಯಾಮಿಲ್ಟನ್, ತಾತ.”
ಅವನು ಅತ್ತಿತ್ತ ನೋಡಿದ.
ತನ್ನ ಕುರ್ಚಿಯ ಕೈ ಮುಟ್ಟಿ ನೋಡಿದ.
“ಬಾಡಿಗೆ ಮೊದಲಿನಷ್ಟೇ ತಾನೇ?”
“ಇಲ್ಲ ತಾತ,” ಎಂದೆ, “ಅರ್ಧ.”