ಶಾಯಿ ಹಚ್ಚುವ ಕೆಲಸ

ರಿಂಗ್ ರೋಡಿನಾಚೆ ಕೊಪ್ಪಲು, ಈಚೆ ಲೇಔಟು;
ಈ ಸಲ ಎರಡಕ್ಕೂ ಒಂದೇ ಬೂತು,
ನಮ್ಮ ಶಾಲೆಯ ನಾಲ್ಕನೇ ಕ್ಲಾಸು.
ಹಲಗೆಯ ಮೇಲೆ ಮೊನ್ನೆಯ ಭಾಗಾಕಾರ,
ಯಾರೂ ಅಳಿಸಿಲ್ಲ, ಶೇಷ ಹಾಗೇ ಇದೆ.

ನನ್ನದು ಶಾಯಿ ಹಚ್ಚುವ ಕೆಲಸ.
ಇಲ್ಲೇ ಬನ್ನಿಮಂಟಪದ ಕಡೆ ಕಾಯಿಸಿದ ಶಾಯಿ.

ಲೇಔಟಿನ ಬೆರಳು ಬರುತ್ತದೆ:
"ಸಣ್ಣಗೆ ಎಳೀರಿ ಮೇಡಂ, ಭಾನುವಾರ ಮಗಳ ನಿಶ್ಚಿತಾರ್ಥ."
ಕೊಪ್ಪಲಿನ ಬೆರಳು, ಉಗುರ ಸಂದಿಯಲ್ಲಿ ಸಗಣಿಯ ಹಸಿರು;
ಬಟ್ಟೆಯಲ್ಲಿ ಒರೆಸದೆ ಹಿಡಿಯುವುದಿಲ್ಲ.
"ಚೆನ್ನಾಗಿ ಬಳಿಯವ್ವ, ಹಾಕಿಲ್ಲ ಅಂದಾರು."

ಸಾಲು ಒಂದೇ. ನಡುವೆ ಒಂದಾಳುದ್ದ ಬಿಸಿಲು.
ಈ ತುದಿಯಲ್ಲಿ ವೈಜಯಂತಿ, ಪಿಸುಮಾತಿನಲ್ಲಿ:
ಅವರಿಗೇನು, ರಾತ್ರಿಯೇ ಕವರು ಹಂಚಿಯಾಗಿರುತ್ತೆ.
ಆ ತುದಿಯಲ್ಲಿ ಚಿಕ್ಕತಾಯಮ್ಮ, ಪಿಸುಗುಟ್ಟದೆ:
ಅವರ್ಗೇನು, ಟೀವಿ ಹೇಳ್ದಂಗೆ ಒತ್ತೋರು.
ಬೆಳಗಿನ ಐದೂವರೆಗೆ ಇವಳ ಹಾಲು
ಅವರ ಪಾತ್ರೆಗೆ ಬಿದ್ದಿದೆ.
ಆಗ ಮಾತಾಡಿದ್ದು ನೊರೆಯ ಬಗ್ಗೆ ಮಾತ್ರ.

ನಾನು ಕೊಪ್ಪಲಲ್ಲಿ ಹುಟ್ಟಿ
ಲೇಔಟಿನಲ್ಲಿ ಬಾಡಿಗೆಗಿರುವವಳು.
ಇಬ್ಬರೂ ನನ್ನ ಕಡೆ ತಿರುಗಿ ನಗುತ್ತಾರೆ,
ನಮ್ಮವಳು ಎಂಬಂತೆ.
ನಾನು ಬೆರಳು ನೋಡುತ್ತೇನೆ.

ಆರಕ್ಕೆ ಯಂತ್ರ ಸುಮ್ಮನಾಯಿತು.
ಸೀಸೆ ಉರುಳಿ ನನ್ನ ಬಲಗೈ ಪೂರಾ ಕಪ್ಪು.

ರಾತ್ರಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ನಕ್ಕ:
"ಏನ್ ಮೇಡಂ, ಎಷ್ಟು ಓಟು ಹಾಕಿದ್ರಿ?"
ನನ್ನ ಅಂಚೆ ಮತದ ಹಾಳೆ ಬಂದೇ ಇರಲಿಲ್ಲ.
ಹೇಳಲಿಲ್ಲ.
ಅವನೇ ಹರಿದು ಕೊಟ್ಟ ಹೆಂಗಸರ ಟಿಕೆಟಿನ ಮೇಲೆ
ಉತ್ತರವಿತ್ತು, ಸೊನ್ನೆ;
ಹಿಡಿದ ಕಡೆ ಅದಕ್ಕೂ ಶಾಯಿ ಅಂಟಿತು.