ಎಪ್ಪತ್ತೆರಡರ ತನಕ

ಶನಿವಾರ ನಸುಕಿನ್ಯಾಗ ಗುಳೇದಗುಡ್ಡದ ಬಸ್ಸು.
ಬಾಗಲಕೋಟ್ಯಾಗ ಇಳಿದು ಇನ್ನೊಂದು, ಲೋಕಾಪುರ, ಯರಗಟ್ಟಿ,
ನನ್ನ ಹೆಗಲ ಮ್ಯಾಲೆ ಸುವಾರ್ತಾನ ನಿದ್ದಿ,
ಅಕೀ ತೊಡಿ ಮ್ಯಾಲೆ ಬುತ್ತಿಗಂಟು.
ಹನ್ನೊಂದಕ್ಕ ಬೆಳಗಾವಿ ಕ್ಯಾಂಪು,
ರೆಬೆಲೊ ಬಾಯಾರ ಹಂಚಿನ ಮನಿ,
ಮಳಿಗಾಲಕ್ಕ ಉಬ್ಬಿ, ಒತ್ತಿದರ ಮ್ಯಾಲೇಳದ
ಪಿಯಾನೊದ ಎರಡು ಪಟ್ಟಿ.

ಮೊದಲನೇ ದಿನ ಅವರಂದರು:
"ಇಕೀದು ಮ್ಯಾಲಿನ ದನಿಯಲ್ಲ.
ಕೆಳಗಿಂದೂ ಅಲ್ಲ. ನಡುವಿಂದು. ಮೆಝೊ."
ಅದ್ಯಾವ ಬ್ಯಾನೀರಿ, ಅಂದೆ.
ನಕ್ಕರು.

ನಮ್ಮ ಮಿಶನ್ ದೇವಾಲಯದಾಗ
ನಾಕು ದನಿಲೆ ಹಾಡೂದು ಮುತ್ತ್ಯಾನ ಕಾಲದಿಂದ ಬಂದದ್ದು.
ಎರಡನೇ ದನಿಯ ಬೆಂಚಿನ್ಯಾಗ
ನಮ್ಮವ್ವ ಎಸ್ತೇರವ್ವ ಐವತ್ತು ವರ್ಷ ನಿಂತು ಹಾಡಿದಳು,
ಒಬ್ಬರೂ ಅಕೀ ಹಾಡು ಕೇಳಲಿಲ್ಲ,
ಜ್ವರ ಬಂದು ಅಕಿ ಮಲಗಿದ ಆಯ್ತಾರ ಬಿಟ್ಟು.

ಬಾಗಲ ಹೊರಗಿನ ಕಲ್ಲು ನನ್ನ ಶಾಲಿ.
ಒಳಗ ಮಗಳು ನೆಲಕ್ಕ ಅಂಗಾತ,
ಹೊಟ್ಟಿ ಮ್ಯಾಲೆ ಎರಡು ದಪ್ಪ ಪುಸ್ತಕ,
ಉಸುರಿಗೆ ಏರಬೇಕು, ಉಸುರಿಗೆ ಇಳಿಬೇಕು.
ತುಟಿ ನಡುಗಿಸಿ ಬುರ್ರ್ ಅಂತಿದ್ದಳು
ಎಮ್ಮಿಕರು ದೋಣಿ ನೀರಿನ್ಯಾಗ ಊದಿದಂಗ.
ಎರಡು ವರ್ಷ ಬರೇ ಇದು. ಹಾಡಿಲ್ಲ.
ಖಾರ ಬ್ಯಾಡ ಅಂದರು.
ಕೆಂಪು ಹಿಂಡಿ ಇಲ್ಲದ ರೊಟ್ಟಿ ಹೆಂಗ ಇಳೀತೈತ್ರಿ ಬಾಯಾರ?
ಮೊಸರಿನ್ಯಾಗ, ಅಂದರು.
ಇಳೀತು.

ಇಟಲಿ ಮಾತು ಕಲಿಸಿದ ದಿನ ಮಾತ್ರ
ಹೊರಗ ಕುಂತ ನನಗೂ ಒಂದು ತಿಳೀತು:
ಅದರ ಶಬ್ದೆಲ್ಲಾ ನಮ್ಮ ಶಬ್ದದಂಗ
ಬಾಯಿ ತೆರಕೊಂಡ ಮುಗೀತಾವ.
ಬ್ಯಾರೆ ಓಣಿ. ಬ್ಯಾರೆ ಊರಲ್ಲ.

ಮುಂದ ಪುಣೆ, ಮುಂದ ಮುಂಬೈ.
ಮೂರು ಕಡೆ ಹಾಡಿಸಿ ಕೇಳಿದರು,
ಎರಡು ಕಡೆ ಥ್ಯಾಂಕ್ಯೂ ಅಂದು ಬಾಗಲ ತೋರಿಸಿದರು.
ಸಿಕ್ಕ ಮೊದಲ ಪಾತ್ರ ಗಂಡ ಹುಡುಗಂದು,
ಚಲ್ಲಣ ಹಾಕ್ಕೊಂಡು ರಾಣಿಗೆ ಚೀಟಿ ಒಯ್ಯೂದು.
ಆಮ್ಯಾಲೆ ದಾಸಿ. ಆಮ್ಯಾಲೆ, ಇಪ್ಪತ್ತಾರನೇ ವಯಸ್ಸಿಗೆ,
ಬಿಳಿಗೂದಲಿನ ಟೋಪನ್ ಏರಿಸಿ,
ತನಗಿಂತ ಹತ್ತು ವರ್ಷ ಹಿರೇಳಾದ ನಾಯಕಿಯನ್ನ
ಎತ್ತಿ ಆಡಿಸಿ ಬೆಳಸಿದ ದಾಯಿ!
"ನಿನ್ನ ಪಾಳಿ ಯಾವಾಗವಾ?" ಅಂದೆ ಫೋನಿನ್ಯಾಗ.
"ನಾಯಕಿ ಮೂರನೇ ಅಂಕಕ್ಕ ಸಾಯ್ತಾಳಪ್ಪಾ,
ನನಗ ಕಡೀತನಕ ಕೆಲಸೈತಿ."
ಅತ್ತ ನಗು. ಇತ್ತ ನಾ ಲಾಳಿ ಹಿಡಕೊಂಡು,
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು.

ಖಣ ನೇಯಾಂವ ನಾ.
ಕೊಳ್ಳಾಕ ಬಂದವರು ಅಂಚು ನೋಡತಾರ, ಹೂ ನೋಡತಾರ,
ನಡುವಿನ ಮೈ ಬೆರಳಿಲೆ ಸವರಿ ಸುಮ್ಮನಾಗತಾರ.
ಬೆಲಿ ಕಟ್ಟೂದು ಆ ಸವರಿದ್ದಕ್ಕ.

ಹೋದ ಡಿಸೆಂಬರದಾಗ ಹೋಗಿ ನೋಡಿದೆ.
ಮೊದಲ ಹೇಳಿದ್ದಳು: "ನಾ ನಿಂತಿರತೇನಿ, ಹಾಡೂದಿಲ್ಲ,
ಒಳಗ ಎಣಸತಿರತೇನಿ.
ಎಪ್ಪತ್ತೆರಡು ಮುಗಿದ ಕೂಡ್ಲೆ ನನ್ನ ಸಾಲು."
ಎಳಿ ಎಣಿಸಿದ ಕೈ ನಂದು. ನಾನೂ ಹಿಡದೆ,
ಕೋಲು ಬೀಸಾವನ ಕೈ ನೋಡಕೋತ, ಇಪ್ಪತ್ತು, ಮೂವತ್ತು.
ಮಂದಿಯೆಲ್ಲಾ ಅಳಕೋತ ಹಾಡಾಕಿ ಕಡೆ ನೋಡತಿದ್ದರು,
ನಾ ದೀಪದಾಚೆ ನಿಂತ ದಾಯಿ ಕಡೆ.
ಅರವತ್ತು. ಅಕೀ ಹೆಗಲು ಮಿಸುಕಲಿಲ್ಲ,
ಇಲ್ಲದ ಎರಡು ಪುಸ್ತಕ ಮೆಲ್ಲಕ ಏರಿದ್ದು
ನನಗಷ್ಟ ಕಂಡಿತು.
ಅರವತ್ತೆಂಟು ಅನ್ನೂದರಾಗ
ಅಕಿ ಬಾಯಿ ತೆರದಳು.

ತಪ್ಪಿದ್ದು ನಂದು.