ನಿಂತ ಗೆರೆ

ಆ ಬಟ್ಟೆಗೆ ಅಲ್ಲಿ ಙಾತು ಎನ್ನುತ್ತಾರೆ.
ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಅಕ್ಷರಕ್ಕೆ
ಟೋಂಗಾದಲ್ಲಿ ದಿನವಿಡೀ ದುಡಿಮೆ:
ತೊಗಟೆ ನೆನೆಸಿ, ಬಡಿದು, ಅಂಟಿಸಿ, ಹಾಸಿ,
ಅದರ ಮೇಲೆ ಮಂಡಿಯೂರಿ
ಕೇದಗೆ ಹಣ್ಣಿನ ಒಣ ತೊಳೆಯನ್ನೇ ಕುಂಚ ಮಾಡಿ
ಗೆರೆ ಎಳೆಯುತ್ತಾಳೆ ಲೋಸಾಲಿನೆ.

ಮಲಗಿದ ಗೆರೆಗೆ ಒಂದೇ ಎಳೆತ.
ನಿಂತ ಗೆರೆಗೆ ಮಾತ್ರ ಎರಡು, ಕೆಲವೊಮ್ಮೆ ಮೂರು.
‘ಮಸಿಯೇನು ಪುಕ್ಕಟೆ ಬರುತ್ತದೆಯೇ?’
ಎದುರು ಕೂತ ನಾದಿನಿಯ ವರಾತ
ಇಪ್ಪತ್ತು ವರ್ಷದ್ದು.
‘ನಿಂತದ್ದು ಬೇಗ ಸವೆಯುತ್ತದೆ’ ಎಂದು
ಇವಳೂ ಏನೋ ಒಂದು ಹೇಳುತ್ತಿದ್ದಳು.
ತನಗೆ ಹಾಗೆ ಕಾಣುತ್ತದೆಂದು ಹೇಳಲಿಲ್ಲ;
ಎಲ್ಲರಿಗೂ ಹಾಗೇ ಎಂದುಕೊಂಡಿದ್ದಳು,
ತೆಂಗಿನ ಕಾಂಡ ಕರಗುವುದು, ದೋಣಿಯ ಕಂಬ ಎರಡಾಗುವುದು,
ಚಂದ್ರನಿಗೆ ಪಕ್ಕಕ್ಕೊಂದು ಬಾಲ.

ಮಂಗಳವಾರದ ದೋಣಿಯಲ್ಲಿ ಬಂದ ಕಣ್ಣಿನ ನರ್ಸು ಪೌಲಿಯಾಸಿ
ಚರ್ಚಿನ ಹಜಾರದ ಗೋಡೆಗೆ ಒಂದು ಹಾಳೆ ಅಂಟಿಸಿದ.
ಗಡಿಯಾರದಂತೆ ಸುತ್ತ ಗೆರೆ, ಮುಳ್ಳಿಲ್ಲ.
‘ಯಾವುದು ಕಪ್ಪು?’
‘ಮೂರು, ಒಂಬತ್ತು.’
‘ಹನ್ನೆರಡು?’
‘ಅದನ್ನು ಬರೆದವರು ಮಸಿ ಉಳಿಸಿದ್ದಾರೆ.’

ನಕ್ಕ. ಬಾಗಿಲಾಚೆ ಆಡುತ್ತಿದ್ದ
ಅವಳ ಸೋದರಳಿಯ ಸೆಮಿಸಿಯನ್ನು ಕೂಗಿದ.
ಒದ್ದೆ ರಗ್ಬಿ ಚೆಂಡು ಅವಳ ಮಡಿಲಿಗೆ.
‘ಕರಿಗುಡ್ಡೆಯ ಮೇಲಿನ ಗಾಜು
ಕಾಲ್ಚೆಂಡಿನ ಹಾಗೆ ಉರುಟಾಗಿರಬೇಕು ತಾಯಿ.
ನಿನ್ನದು ಇದರ ಹಾಗೆ,
ಒಂದು ಕಡೆ ಬಾಗು ಹೆಚ್ಚು, ಇನ್ನೊಂದು ಕಡೆ ಕಡಿಮೆ.
ಬಂದ ಬೆಳಕು ಒಂದೇ ಚುಕ್ಕಿಯಲ್ಲಿ ಕೂಡುವುದಿಲ್ಲ.
ಅರ್ಧ ದಡಕ್ಕೆ ಮೊದಲೇ ಇಳಿಯುತ್ತದೆ,
ಅರ್ಧ ದಡ ದಾಟಿಹೋಗುತ್ತದೆ.’
ಅಸ್ಟಿಗ್ಮ್ಯಾಟಿಸಂ ಎಂಬ ಹೆಸರನ್ನೂ ಹೇಳಿದ.
ಅದು ಅವಳ ಬಾಯಲ್ಲಿ ನಿಲ್ಲಲಿಲ್ಲ.
ಚೆಂಡಿನ ಮೇಲೆ ಹೆಬ್ಬೆರಳು
ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ.
‘ಇದು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆಂದು
ಯಾರಿಗೂ ಗೊತ್ತಾಗಲ್ಲ’ ಎಂದ ಸೆಮಿಸಿ,
ತಾನೇ ಮಾಡಿದ ಚೆಂಡೆಂಬಂತೆ.

ಎರಡು ತಿಂಗಳಿಗೆ ಕನ್ನಡಕ ಬಂತು.
ಮೊದಲು ನೆಲ ಓರೆಯಾಯಿತು, ತಲೆ ನೋಯಿತು.
ಚಂದ್ರನನ್ನು ನೋಡಿ ‘ಇಷ್ಟೇನಾ’ ಎಂದಳು.
ಆಮೇಲೆ ಹಾಸಿಗೆಯಡಿ ಮಡಿಸಿಟ್ಟ ಹಳೆಯ ಙಾತು ಬಿಡಿಸಿದಳು.
ನಿಂತ ಗೆರೆಗಳೆಲ್ಲ ಬೇಲಿಗೂಟದಷ್ಟು ದಪ್ಪ.
ಯಾರಾದರೂ ಹೇಳಬಾರದಿತ್ತೇ?
ಹೇಳಿದ್ದರಲ್ಲ, ಇಪ್ಪತ್ತು ವರ್ಷ.

ಈಗ ಮದುವೆಯೊಂದಕ್ಕೆ ಮೂವತ್ತು ಮೊಳದ ಕೆಲಸ.
ಹುಡುಗಿಯ ಕಡೆಯವರು ಹೇಳಿಕಳಿಸಿದ್ದಾರೆ:
ಲೋಸಾಲಿನೆಯ ಕೈಯದ್ದೆಂದು ದೂರದಿಂದಲೇ ತಿಳಿಯಬೇಕು.
ಕನ್ನಡಕ ಹಣೆಗೇರಿಸಿ ಒಂದು ಗೆರೆ ಎಳೆದಳು,
ಇಳಿಸಿ ನೋಡಿದಳು. ಮತ್ತೆ ಏರಿಸಿದಳು.
ಎದುರು ನಾದಿನಿ, ಮಾತಾಡದೆ,
ಮಸಿಯ ಬಟ್ಟಲನ್ನು ಇವಳತ್ತ ಸರಿಸಿದಳು.